ಗಾಳಿಗೆ ಅಳತೆ ತೆಗೆಯುವ ದರ್ಜಿ

ಬೆಳಗಿನ ಐದೂಮುಕ್ಕಾಲು. ಮಹಡಿಯ ಮೇಲಿನ ನಡುಮನೆಯಲ್ಲಿ ಒಂದು ಏಣಿ, ಏಣಿಯ ಮೇಲೆ ಎರಡು ಕಾಲು. ಸೊಂಟದಿಂದ ಮೇಲಿನ ಮನುಷ್ಯ ಛಾವಣಿಯ ಕಿಂಡಿಯೊಳಗೆ ಮಾಯ. ಒಳಗಿನಿಂದ ಮೊದಲು ಒಂದು ಸೀನು, ಅದರ ಹಿಂದೆಯೇ ಒಂದು ಬೈಗುಳ ಕೇಳಿಬರುತ್ತದೆ. "ಏನ್ರೀ ಇದು, ಇಷ್ಟು ದಪ್ಪದ ಸೂಟ್‌ಕೇಸನ್ನ ಇದರ ಹೊಟ್ಟೆ ಮೇಲೆ ಹೇರಿದ್ದೀರಲ್ಲ! ಪಾಪ, ಇದು ಉಸಿರಾಡೋದು ಹೇಗೆ?"

ಕೆಳಗೆ ಸ್ವೆಟರ್ ತೊಟ್ಟು ನಿಂತಿದ್ದ ಮನೆಯ ಅಳಿಯ ತಲೆ ಕೆರೆದುಕೊಳ್ಳುತ್ತಾನೆ. 'ಇದು' ಎಂದರೆ ತಂಪು ಗಾಳಿ ಹೊತ್ತು ಕೋಣೆಕೋಣೆಗೆ ಹೋಗುವ ಮೆತ್ತನೆಯ ಕೊಳವೆ. ಇಡೀ ಮನೆಗೆ ಒಂದೇ ಎ.ಸಿ. ಯಂತ್ರ. ಕೆಳಗಿನ ಹಾಲ್‌ನಲ್ಲಿ ಹಲ್ಲು ಕಟಕಟಿಸುವ ಚಳಿ, ಮಹಡಿಯ ಮೂಲೆ ಕೋಣೆಯಲ್ಲಿ ಬೆವರು. ಅಳಿಯ ಕೆಳಗೆ ಸ್ವೆಟರ್ ಹಾಕಿಕೊಂಡರೆ ಮಾವ ಮೇಲೆ ಬನಿಯನ್ನಿನಲ್ಲಿ ಬೀಸಣಿಗೆ ಹಿಡಿದು ಕೂರುತ್ತಾರೆ. ಇಷ್ಟೇ ಆಗಿದ್ದರೆ ನಗುವ ಸಂಗತಿಯೇ. ಆದರೆ ಆ ಮೂಲೆ ಕೋಣೆ ಕೂಸಿನದು. ಏಳೇ ತಿಂಗಳಿಗೆ ಹುಟ್ಟಿ, ನಲವತ್ತೊಂದು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಹೆಣ್ಣುಕೂಸು ಇಂದು ಮನೆಗೆ ಬರಬೇಕು. ಮಧ್ಯಾಹ್ನ ಎರಡಕ್ಕೆ ನರ್ಸಮ್ಮ ಫೋನ್ ಮಾಡುತ್ತಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಪ್ಪತ್ತೈದು ಡಿಗ್ರಿ ಇದ್ದರೆ ಸರಿ, ಇಲ್ಲದಿದ್ದರೆ ಇನ್ನೂ ಹತ್ತು ದಿನ ತಾಯಿ ಮಗು ಅಲ್ಲಿಯೇ. ಈಗ ಅಲ್ಲಿರುವುದು ಮೂವತ್ತು. ಯಂತ್ರದ ಕಂಪನಿಯವರು ಬಂದು, ಯಂತ್ರವನ್ನೇ ಬದಲಾಯಿಸಬೇಕು ಎಂದು ಕೈತೊಳೆದುಕೊಂಡು ಹೋಗಿದ್ದಾರೆ.

ಹಾಗಾಗಿ ಕರೆ ಬಂದಿದ್ದು ಈ ಐವತ್ತಾರರ ಮನುಷ್ಯನಿಗೆ. ಕೊರಳಲ್ಲಿ ಅಳತೆ ಟೇಪು, ಜೇಬಿನಲ್ಲಿ ಕೆಂಪು ದಾರದ ಉಂಡೆ. ಎಲ್ಲರ ಬಾಯಲ್ಲೂ ಇವರು 'ದರ್ಜಿ'. ಅದು ಬರೀ ಅಡ್ಡಹೆಸರಲ್ಲ, ಇಪ್ಪತ್ತೆರಡು ವರ್ಷ ಇವರು ನಿಜವಾಗಿಯೂ ಅಂಗಿ ಪ್ಯಾಂಟು ಹೊಲಿದವರು. ಸಿದ್ಧ ಉಡುಪು ಬಂದು ಅಂಗಡಿಯಲ್ಲಿ ನೊಣ ಹೊಡೆಯುವ ಕಾಲದಲ್ಲಿ ಎ.ಸಿ. ಮೇಸ್ತ್ರಿಯೊಬ್ಬರು ದಪ್ಪ ಕ್ಯಾನ್ವಾಸ್ ತಂದು, ಯಂತ್ರಕ್ಕೂ ಕೊಳವೆಗೂ ನಡುವೆ ಹಾಕುವ ಬಟ್ಟೆಯ ಕಾಲರ್ ಹೊಲಿದುಕೊಡಲು ಕೇಳಿದರಂತೆ. "ಯಾವ ಆನೆ ಕುತ್ತಿಗೆಗಪ್ಪಾ ಇದು ಅಂದೆ. ಹೊಲಿದೆ. ಆದ್ರೆ ಟ್ರಯಲ್ ನೋಡದೆ ಬಟ್ಟೆ ಕೊಟ್ಟವನಲ್ಲ ನಾನು. ಹಿಂದೆಯೇ ಹೋದೆ. ಹೋದವನು ವಾಪಸ್ ಬರಲೇ ಇಲ್ಲ ನೋಡಿ," ಎಂದು ನಗುತ್ತಾರೆ. ಆ ಮಾತಿಗೀಗ ಹದಿನಾಲ್ಕು ವರ್ಷ.

ದಿನಕ್ಕೆ ಎರಡು ಮನೆ, ಸುಡುಬೇಸಿಗೆಯಲ್ಲಿ ಮೂರು. ಏಣಿ ಹತ್ತಿಳಿಯುವುದು ಕಡಿಮೆಯೆಂದರೂ ಅರವತ್ತು ಸಲ. ಎಡ ಮೊಣಕಾಲು ಮುಷ್ಕರ ಹೂಡಿ ಎರಡು ವರ್ಷವಾಯಿತು. ಹೊತ್ತಿಗೆ ಮುಂಚೆ ಏಳುವುದು ಶಿಸ್ತಿಗಲ್ಲ, ಪ್ರಾಣಭಯಕ್ಕೆ. "ಹತ್ತು ಗಂಟೆ ಮೇಲೆ ಆ ಕಿಂಡಿಯೊಳಗೆ ತಲೆ ಇಟ್ರೆ ತಲೆ ಬೆಂದು ಹೋಗುತ್ತೆ." ಮನೆಯಲ್ಲಿ ಇನ್ನೂ ಹೊಲಿಗೆ ಯಂತ್ರ ತುಳಿಯುವ ಇವರ ಹೆಂಡತಿಯ ದೂರು ಬೇರೆ. "ಊರವರನ್ನೆಲ್ಲ ತಂಪಾಗಿ ಇಡ್ತಾರೆ. ಒಂದು ದಿನಾನಾದ್ರೂ ಆ ತಂಪಲ್ಲಿ ತಾವು ಕೂತಿದ್ದಾರಾ ಕೇಳಿ!" ಕೇಳಿದರೆ ದರ್ಜಿ ತಮ್ಮ ಅಂಗಿ ತೋರಿಸುತ್ತಾರೆ. "ಮೈತುಂಬ ಧೂಳು. ಯಾರ ಸೋಫಾ ಮೇಲೆ ಕೂರಲಿ? ಆಸೆ ಇಲ್ಲ ಅಂತಲ್ಲ. ಒಂದರ್ಧ ಗಂಟೆ ಸಾಕು."

ಸೂಟ್‌ಕೇಸು ಕೆಳಗಿಳಿಯುತ್ತದೆ. ಜೋತುಬಿದ್ದ ಕೊಳವೆ ನೆಟ್ಟಗಾಗುತ್ತದೆ. ಹಾಲ್‌ಗೆ ಹೋಗುವ ಗಾಳಿಯನ್ನು ಕೊಂಚ ಬಿಗಿಮಾಡಿ ಮಹಡಿಗೆ ಸಡಿಲಿಸುತ್ತಾರೆ. "ತೋಳು ದೊಗಳೆ, ಎದೆ ಬಿಗಿ ಇತ್ತು ಅಷ್ಟೆ." ಅಳಿಯ ಸ್ವೆಟರ್ ಬಿಚ್ಚುತ್ತಾನೆ. ಆದರೆ ಕೂಸಿನ ಕೋಣೆ ಇಪ್ಪತ್ತೆಂಟಕ್ಕೆ ಬಂದು ನಿಂತುಬಿಡುತ್ತದೆ. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು, ಉಷ್ಣಮಾಪಕದ ಮುಳ್ಳು ಅಲುಗದು. ಅಳಿಯ ಉಗುರು ಕಚ್ಚುತ್ತಾನೆ. ದರ್ಜಿಯ ಮುಖದಲ್ಲೂ ನಗುವಿಲ್ಲ.

ಕೊನೆಗೆ ಗಾಳಿ ಬರುವ ಜಾಲರಿಗೆ ಒಂದೆಳೆ ಕೆಂಪು ದಾರ ಕಟ್ಟಿ, ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂರುತ್ತಾರೆ. ದಾರ ಸತ್ತಂತೆ ಜೋತುಬೀಳುತ್ತದೆ. ಎದ್ದು ಬಾಗಿಲು ತೆರೆದರೆ ದಾರ ಕುಣಿಯುತ್ತದೆ! ಮುಚ್ಚಿದರೆ ಮತ್ತೆ ತೆಪ್ಪಗೆ. ಮೊಣಕಾಲೂರಿ ಬಾಗಿಲ ಕೆಳಗೆ ಬೆರಳಾಡಿಸುತ್ತಾರೆ. ಅಲ್ಲಿ ಕೂದಲೆಳೆಯಷ್ಟೂ ಸಂದು ಬಿಡದಂತೆ ಅಂಟಿಸಿದ ಕಪ್ಪು ರಬ್ಬರ್ ಪಟ್ಟಿ.

"ಬಸ್ಸು ಭರ್ತಿಯಾಗಿದೆ. ಇಳಿಯೋರೇ ಇಲ್ಲ ಅಂದ್ರೆ ಹತ್ತೋರು ಎಲ್ಲಿ ಹತ್ತಬೇಕು? ಒಳಗಿನ ಗಾಳಿ ಹೊರಗೆ ಹೋದ್ರೆ ತಾನೆ ಹೊಸದು ಒಳಗೆ ಬರೋದು," ಎಂದು ಆಮೇಲೆ ವಿವರಿಸುತ್ತಾರೆ.

ಆದರೆ ಆ ಗಳಿಗೆಯಲ್ಲಿ ಅವರು ಏನನ್ನೂ ವಿವರಿಸುವುದಿಲ್ಲ. ಬೆಳಿಗ್ಗೆ ಮೊದಲು ಆ ಕೋಣೆ ತೋರಿಸಿದವರು ಅಳಿಯನ ಮಾವ, ಅಂದರೆ ಕೂಸಿನ ಅಜ್ಜ. ಜೀವಮಾನವಿಡೀ ಕಚೇರಿಯ ಕಾಗದ ಬಿಟ್ಟು ಬೇರೇನೂ ಮುಟ್ಟದ ಕೈಗಳಿಂದ ಗೋಡೆಗೆ ತಾವೇ ಬಣ್ಣ ಬಳಿದಿದ್ದರು, ದಪ್ಪ ಜಮಖಾನೆ ಹಾಸಿದ್ದರು, ಕೂಸಿಗೆ ಸದ್ದು ಕೇಳಬಾರದೆಂದು ಆ ಪಟ್ಟಿ ಅಂಟಿಸಿದ್ದರು. ನಲವತ್ತೊಂದು ದಿನದ ಸಂಕಟಕ್ಕೆ ಅವರು ಕಂಡುಕೊಂಡಿದ್ದ ಮದ್ದು ಅದೊಂದೇ.

"ಏನಾಗಿತ್ತು?" ಎಂದು ಅಳಿಯ ಧಾವಿಸುತ್ತಾನೆ. ಹಿಂದೆಯೇ ಅಜ್ಜ.

"ಏನಿಲ್ಲ ಸ್ವಾಮಿ, ಬಾಗಿಲ ಮರ ಊದಿಕೊಂಡಿದೆ. ಕೆಳಗೆ ಒಂದು ಬೆರಳಷ್ಟು ತೆಗೆದ್ರಾಯ್ತು."

ಬಾಗಿಲನ್ನು ಕಳಚಿ ಹೊರಗೆ ಒಯ್ದು, ಮರ ಹೆರೆಯುವ ಹತ್ತರಿ ಹೊಡೆಯುತ್ತಾರೆ. ಪಟ್ಟಿ ಸುರುಳಿಯಾಗಿ ಜೇಬು ಸೇರುತ್ತದೆ. ಹೀಗೇಕೆ ಎಂದು ಕೇಳಿದರೆ ದರ್ಜಿ ದನಿ ತಗ್ಗಿಸುತ್ತಾರೆ. "ಅಂಗಿ ಬಿಗಿಯಾದ್ರೆ ಬಟ್ಟೆ ಕುಗ್ಗಿದೆ ಅನ್ಬೇಕು. ನಿಮಗೆ ಹೊಟ್ಟೆ ಬಂದಿದೆ ಅಂತ ಗಿರಾಕಿಗೆ ಹೇಳ್ತಾರೇನ್ರೀ?"

ಅಜ್ಜನೇನು ಪೆದ್ದರಲ್ಲ, ಆಮೇಲೆ ವರದಿಗಾರನನ್ನು ಪಕ್ಕಕ್ಕೆ ಕರೆಯುತ್ತಾರೆ. "ಮರವೂ ಊದಿಲ್ಲ, ಮಣ್ಣೂ ಊದಿಲ್ಲ. ಪಟ್ಟಿ ಅಂಟಿಸಿದ ಗೂಬೆ ನಾನೇ ಅಂತ ಬರೀರಿ ಪೇಪರಲ್ಲಿ," ಎನ್ನುವಾಗ ಅವರ ಕಣ್ಣು ಒದ್ದೆ. "ಆದ್ರೆ ದರ್ಜಿಯವರ ಮುಂದೆ ಮಾತ್ರ ನನಗೇನೂ ಗೊತ್ತಿಲ್ಲ. ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದಾರೆ, ಹಾಳು ಮಾಡೋಕೆ ಮನಸ್ಸಿಲ್ಲ."

ಒಂದೂ ನಲವತ್ತಕ್ಕೆ ಇಪ್ಪತ್ತಾರು. ಎರಡಕ್ಕೆ ಐದು ನಿಮಿಷ ಇರುವಾಗ ಇಪ್ಪತ್ತೈದು. ಫೋನ್ ಬರುತ್ತದೆ. ಅಳಿಯ ಅಂಕಿ ಹೇಳಲು ಹೋಗಿ, ಫೋನನ್ನೇ ಮಾವನ ಕೈಗೆ ತುರುಕುತ್ತಾನೆ.

ನಾಲ್ಕೂವರೆಗೆ ಕೂಸು ತನ್ನ ಕೋಣೆಯಲ್ಲಿದೆ. ಬಾಗಿಲು ಮುಚ್ಚಿದೆ. ದಾರ ಒಳಗೆ ಆಡುತ್ತಿದೆ ಎಂದು ತಾಯಿ ಪಿಸುಗುಟ್ಟಿ ತಿಳಿಸುತ್ತಾಳೆ. ಏಣಿ ಮಡಚುತ್ತಿದ್ದ ದರ್ಜಿಯನ್ನು ಅಜ್ಜ ಬಿಡುವುದಿಲ್ಲ. ಸೋಫಾ ಬೇಡವೆಂದರೆ ಬೇಡ ಎಂದು ಮರದ ಕುರ್ಚಿಯೊಂದನ್ನು ತಂದು ಕೋಣೆಯ ಹೊರಗೆ, ಬಾಗಿಲಿಗೆ ಎದುರಾಗಿ ಹಾಕುತ್ತಾರೆ. ದರ್ಜಿ ಸಂಕೋಚದಿಂದ ತುದಿಯಲ್ಲಿ ಕೂರುತ್ತಾರೆ. ಬಾಗಿಲ ಕೆಳಗಿನ ಸಂದಿನಿಂದ ಹೊರಬೀಳುವ ಗಾಳಿ ಬರಿಗಾಲಿಗೆ ತಣ್ಣಗೆ ತಾಗುತ್ತದೆ. "ಆಹಾ," ಎನ್ನುತ್ತಾರೆ, ಬೆರಳುಗಳನ್ನು ಚಾಚುತ್ತಾರೆ. "ಹೀಗಿರುತ್ತಾ ಇದು!"

ಕಾಫಿ ಹಿಡಿದು ಅಳಿಯ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವರ ಗದ್ದ ಎದೆಗಿಳಿದಿದೆ. ಜೇಬಿನಿಂದ ಇಣುಕುತ್ತಿದ್ದ ರಬ್ಬರ್ ಸುರುಳಿಯನ್ನು ಅಜ್ಜ ಮೆಲ್ಲನೆ ಒಳಗೆ ತಳ್ಳಿ, ಅಳಿಯನತ್ತ ತಿರುಗಿ ತುಟಿಯ ಮೇಲೆ ಬೆರಳಿಡುತ್ತಾರೆ.

"ಶ್! ಸದ್ದು ಮಾಡ್ಬೇಡ. ಒಳಗೊಂದು, ಹೊರಗೊಂದು, ಎರಡೂ ಮಲಗಿವೆ."