ಹಡಗಿನಲ್ಲಿ ತಲೆಯಿಡುವ ದಿಕ್ಕು

ನಮ್ಮ ಗರಾಜಿನಲ್ಲಿ ಹಿಮ ಎತ್ತುವ ಸಲಿಕೆಯನ್ನು ನೇತುಹಾಕಿರುವ ಮೊಳೆಯಲ್ಲೇ ಒಂದು ಹುಲ್ಲಿನ ಟೋಪಿಯೂ ನೇತಾಡುತ್ತಿದೆ. ಈ ಎರಡಕ್ಕೂ ಒಂದೇ ಮೊಳೆ ಸಾಕೆಂದು ತೀರ್ಮಾನಿಸಿದ ಮಹಾನುಭಾವ ನಾನೇ. ಪ್ರತಿ ಚಳಿಗಾಲದ ಮೊದಲ ಹಿಮ ಬಿದ್ದ ಬೆಳಿಗ್ಗೆ ನಾನು ಸಲಿಕೆಯನ್ನು ಎಳೆಯುತ್ತೇನೆ, ಟೋಪಿ ನನ್ನ ಮೇಲೆ ಬೀಳುತ್ತದೆ, ಅದನ್ನು ಬೈದು ಮತ್ತೆ ಅಲ್ಲಿಗೇ ಸಿಕ್ಕಿಸುತ್ತೇನೆ. ಇವತ್ತು ಬೆಳಿಗ್ಗೆ ಮಾತ್ರ ಅದು ನೇರವಾಗಿ ಮುಖದ ಮೇಲೆ ಬಿತ್ತು. ಎರಡೂ ಕೈಯಲ್ಲಿ ದಪ್ಪ ಗ್ಲೌಸು, ತೆಗೆಯುವುದು ತಡವಾಯಿತು. ಅಷ್ಟರಲ್ಲಿ ವಾಸನೆ ಮೂಗಿಗೆ ಹೋಗಿಬಿಟ್ಟಿತ್ತು.

ಸಮುದ್ರತೀರ ನೋಡಿ ಬಂದ ಟೋಪಿಗಳಿಗೆ ಸನ್‌ಸ್ಕ್ರೀನಿನ ವಾಸನೆ ಇರಬೇಕು. ಇದಕ್ಕಿರುವುದು ಕೊಬ್ಬರಿ ಎಣ್ಣೆಯದು. ನನ್ನ ತಲೆಯದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಎಣ್ಣೆಗೆ ಕೆಲಸವಿರುವಂಥ ಸ್ಥಿತಿಯನ್ನು ನನ್ನ ತಲೆ ಟೋಪಿ ಕೊಳ್ಳುವ ಹೊತ್ತಿಗಾಗಲೇ ದಾಟಿ ಬಂದಿತ್ತು. ಅದು ಅಮ್ಮನ ಎಣ್ಣೆ.

ಈ ವಾಸನೆ ಇವತ್ತೇ ಮೂಗಿಗೆ ಬಡಿದದ್ದಕ್ಕೆ ಒಂದು ಹಿನ್ನೆಲೆಯಿದೆ. ನಿನ್ನೆ ನನ್ನ ಹೆಂಡತಿ ವಸುಧಾ ಅಂಚೆಯಲ್ಲಿ ಬಂದ ಹಡಗಿನ ಜಾಹೀರಾತೊಂದನ್ನು ಊಟದ ಮೇಜಿನ ಮೇಲಿಟ್ಟು, ಇನ್ನೊಂದು ಸಲ ಹೋಗಿಬರೋಣವೇ ಎಂದು ಕೇಳಿದಳು. ನಾನು ಕನ್ನಡಕ ಏರಿಸಿ, “ಹೋಗೋಣ. ಆದ್ರೆ ಈ ಸಲ ಸರಿಯಾಗಿ ಆರಿಸ್ಬೇಕು” ಅಂದೆ. ಅವಳು ನನ್ನನ್ನೇ ನೋಡಿದಳು. ಆ ನೋಟದ ಅರ್ಥ ತಿಳಿಯಬೇಕಾದರೆ ನೀವು ನನ್ನೊಂದಿಗೆ ಆರ್ಥಿಕ ಹಿಂಜರಿತದ ಆ ಚಳಿಗಾಲಕ್ಕೆ ಬರಬೇಕಾಗುತ್ತದೆ. ದಪ್ಪ ಕೋಟು ಹಾಕಿಕೊಂಡು ಬನ್ನಿ.

ಆಗ ಡೆಟ್ರಾಯಿಟ್ ಸುತ್ತಮುತ್ತಲಿನ ನಮ್ಮ ಜನ ಪರಸ್ಪರ ಎದುರಾದರೆ ‘ಹೇಗಿದ್ದೀರಿ’ ಎನ್ನುವುದನ್ನು ಬಿಟ್ಟು ‘ಇದ್ದೀರಾ’ ಎಂದು ಕೇಳುತ್ತಿದ್ದರು. ಕೆಲಸದಲ್ಲಿ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಇದ್ದೆ. ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಿಂದ ದಿನಾ ಡಿಯರ್‌ಬಾರ್ನಿನ ಕಾರು ಕಂಪನಿಗೆ ಡ್ರೈವ್ ಮಾಡಿಕೊಂಡು ಹೋಗಿ, ಕಾರಿನ ಬಾಗಿಲಿನ ಸುತ್ತ ಕೂರಿಸುವ ರಬ್ಬರ್ ಪಟ್ಟಿಯ ಬಗ್ಗೆ ಆಳವಾಗಿ ಚಿಂತಿಸಿ ಬರುತ್ತಿದ್ದೆ. ಒಳಗೆ ನೀರು ಬರಬಾರದು. ಇದೇ ನನ್ನ ವೃತ್ತಿಯ ಸಾರಸರ್ವಸ್ವ. ಶುಕ್ರವಾರ ಬಂದರೆ ನಮ್ಮ ಮಹಡಿಯಲ್ಲಿ ಯಾರಾದರೊಬ್ಬರು ಮೇಜಿನ ಮೇಲಿನ ಹೆಂಡತಿಮಕ್ಕಳ ಫೋಟೋಗಳನ್ನು ರಟ್ಟಿನ ಡಬ್ಬಿಗೆ ತುಂಬಿಕೊಂಡು ಹೊರಡುತ್ತಿದ್ದರು. ನಾನು ಮುಂಜಾಗ್ರತೆಯಾಗಿ ನನ್ನ ಮೇಜಿನ ಮೇಲಿನ ಫೋಟೋಗಳನ್ನು ಮೊದಲೇ ಮನೆಗೆ ತಂದುಬಿಟ್ಟೆ. ವಸುಧಾ ಅವನ್ನು ನೋಡಿದಳು, ಟಿವಿಯ ಪಕ್ಕದಲ್ಲಿ ಜೋಡಿಸಿದಳು.

ಕಾರು ಕೊಳ್ಳುವವರಿಲ್ಲದ ಹಾಗೆಯೇ ಹಡಗು ಹತ್ತುವವರೂ ಇಲ್ಲದೆ ಆ ವರ್ಷ ಕೆರಿಬಿಯನ್ ಯಾತ್ರೆ ಬಹಳ ಅಗ್ಗವಾಗಿತ್ತು. ಮೈಸೂರಿನಿಂದ ಅಮ್ಮ ಆರು ತಿಂಗಳಿಗೆಂದು ಬಂದಿದ್ದಳು. ವಸುಧಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು, ಅವಳಿಗೆ ರಜೆ ಬಾಕಿಯಿತ್ತು. ಒಂದು ಬೆಳಿಗ್ಗೆ ಅಮ್ಮನಿಗೂ ನನಗೂ ಕಾಫಿ ಕೊಟ್ಟು, ತನ್ನದನ್ನು ಎಂದಿನಂತೆ ನಿಂತುಕೊಂಡೇ ಕುಡಿಯುತ್ತಾ ಹೇಳಿದಳು: “ನಂಗೇನೂ ಜಾಸ್ತಿ ಆಸೆ ಇಲ್ಲ. ಹಡಗಲ್ಲಿ ಬಾಲ್ಕನಿ ಇರೋ ರೂಮು. ಬೆಳಿಗ್ಗೆ ಎದ್ದು ಅಲ್ಲಿ ಕೂತ್ಕೊಂಡು, ಬೇರೆ ಯಾರೋ ಮಾಡಿದ ಕಾಫಿ ಕುಡೀತಾ ಸಮುದ್ರ ನೋಡ್ಬೇಕು.”

ಮದುವೆಯಾದಾಗಿನಿಂದ ಅವಳು ಬಾಯಿಬಿಟ್ಟು ಕೇಳಿದ್ದು ಕಡಿಮೆ. ನಾನು ತಕ್ಷಣ ಒಪ್ಪಿದೆ. ಒಪ್ಪಿ, ಅದೇ ವಾರಾಂತ್ಯ ಟೋಪಿಯನ್ನೂ ಕೊಂಡುತಂದೆ. ಆದರೆ ಟಿಕೆಟ್ಟು ಕೊಳ್ಳುವ ಮಾತು ಬಂದಾಗಲೆಲ್ಲ ಮುಂದಿನ ಶುಕ್ರವಾರ ಕಣ್ಣೆದುರು ಬರುತ್ತಿತ್ತು. ಟಿಕೆಟ್ಟು ಕೊಂಡಿರುವ ಮನುಷ್ಯನನ್ನು ಕೆಲಸದಿಂದ ತೆಗೆಯಲು ವಿಧಿಗೆ ವಿಶೇಷ ಆಸಕ್ತಿ ಎಂಬುದು ನನ್ನ ನಂಬಿಕೆ. ಹೋಗುವುದು ಬೇಡ ಎನ್ನುವ ಧೈರ್ಯವೂ ಇರಲಿಲ್ಲ. ಇಂಥ ಇಕ್ಕಟ್ಟಿನಲ್ಲಿ ಎಂಜಿನಿಯರನಾದವನು ಏನು ಮಾಡುತ್ತಾನೆ? ಅಧ್ಯಯನ ಮಾಡುತ್ತಾನೆ.

ಬೇಸ್‌ಮೆಂಟಿನ ಪಿಂಗ್‌ಪಾಂಗ್ ಟೇಬಲ್ಲಿನ ಮೇಲೆ ಹಡಗಿನ ಎಲ್ಲ ಅಂತಸ್ತುಗಳ ನಕ್ಷೆಗಳು ಹರಡಿಕೊಂಡವು. ತುಂಬಾ ಮುಂದೆ ರೂಮು ಹಿಡಿದರೆ ಓಲಾಟ, ತುಂಬಾ ಹಿಂದೆ ಹಿಡಿದರೆ ಎಂಜಿನ್ನಿನ ನಡುಕ, ಮೇಲಿದ್ದರೆ ಕುಣಿಯುವವರ ಕಾಲಿನ ಸದ್ದು, ಲಿಫ್ಟಿನ ಪಕ್ಕವಾದರೆ ಕುಣಿದು ಬಂದವರ ಮಾತಿನ ಸದ್ದು. ಬೀಚುಗಳದ್ದು ಬೇರೆಯೇ ಶಾಸ್ತ್ರ. ಒಂದರಲ್ಲಿ ನೆರಳಿಲ್ಲ, ಅಮ್ಮನಿಗಾಗುವುದಿಲ್ಲ. ಒಂದರಲ್ಲಿ ನೆರಳಿದೆ, ಅದರ ಕೆಳಗೇ ಮಾಂಸ ಸುಡುತ್ತಾರೆ. ಇನ್ನೊಂದರಲ್ಲಿ ಎಲ್ಲವೂ ಸರಿ, ಆದರೆ ಮರಳಿನಲ್ಲಿ ಬಹಳ ದೂರ ನಡೆಯಬೇಕು, ಅಮ್ಮನ ಮಂಡಿ ಒಪ್ಪುವುದಿಲ್ಲ. ಮೇಲಾಗಿ ಸಮುದ್ರವನ್ನು ಪರ್ವದ ದಿನವಲ್ಲದೆ ಮುಟ್ಟಬಾರದು ಎಂದು ಅಮ್ಮ ಯಾವಾಗಲೋ ಹೇಳಿದ್ದು ನೆನಪಾಗಿ, ದೇವಸ್ಥಾನದವರು ಕೊಟ್ಟ ಪಂಚಾಂಗದಲ್ಲಿ ಹುಣ್ಣಿಮೆ ಅಮಾವಾಸ್ಯೆಗಳನ್ನು ಹುಡುಕಿದೆ. ಆ ಪಂಚಾಂಗ ಮಿಷಿಗನ್ನಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದ್ದು. ಕೆರಿಬಿಯನ್ನಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆಯಲ್ಲಿ ಮತ್ತೊಂದು ವಾರ ಕಳೆಯಿತು.

ಭಾನುವಾರದ ಫೋನಿನಲ್ಲಿ ನನ್ನ ಪ್ರಗತಿಯನ್ನು ವಿಚಾರಿಸುತ್ತಿದ್ದವನು ಚಿಕಾಗೋ ಹತ್ತಿರದ ಪ್ಲೇನ್‌ಫೀಲ್ಡಿನಲ್ಲಿದ್ದ ಈರಣ್ಣ. ಧಾರವಾಡದ ಕಡೆಯವನು, ಹಳೆಯ ಸ್ನೇಹಿತ. ಅವನು ಒಂದು ಸಲ ಹಡಗು ಹತ್ತಿ ಇಳಿದಿದ್ದ. ಹಾಗಾಗಿ ನನ್ನಂಥವನ ಸಂಶೋಧನೆಯ ಬಗ್ಗೆ ಗೌರವವಿರಲಿಲ್ಲ. ಖರ್ಚಿನ ದೃಷ್ಟಿಯಿಂದ ಕಿಟಕಿಯಿಲ್ಲದ ಒಳಗಿನ ರೂಮೂ ಪರಿಶೀಲನೆಯಲ್ಲಿದೆ ಎಂದು ನಾನು ಗಂಭೀರವಾಗಿ ತಿಳಿಸಿದೆ.

“ಕತ್ತಲ ಕೋಣ್ಯಾಗ ಮಲಗಾಕ ಅಷ್ಟು ದೂರ ಯಾಕ ಹೋಗ್ತೀರಿ?” ಅಂದ. “ನಿಮ್ಮ ಬೇಸ್‌ಮೆಂಟ್‌ನ್ಯಾಗ ಮಲಗ್ರಿ. ವೈನಿಗೆ ಬಾಲ್ಕನಿ ಕೊಡಸ್ರಿ, ಸಾಕು.”

ವಸುಧಾಳನ್ನು ಅವನು ವೈನಿ, ಅಂದರೆ ಅತ್ತಿಗೆ ಎಂದೇ ಕರೆಯುವುದು. ವೈನಿ ಇನ್ನೊಂದು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳೆಂದು ಅವಳ ನಗು ಕೇಳಿದ ಮೇಲೆ ಗೊತ್ತಾಯಿತು.

ಇದರಿಂದ ನಾನು ಎದೆಗುಂದಲಿಲ್ಲ. ಏಕೆಂದರೆ ಅಷ್ಟರಲ್ಲಿ ನನಗೆ ನನ್ನ ಶ್ರೇಷ್ಠ ಸಮಸ್ಯೆ ಸಿಕ್ಕಿತ್ತು: ಹಡಗಿನಲ್ಲಿ ತಲೆ ಯಾವ ದಿಕ್ಕಿಗೆ ಬರುತ್ತದೆ? ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬುದು ನಮ್ಮ ಮನೆಯ ಕಟ್ಟಳೆ. ನಮ್ಮ ಬಡಾವಣೆಯಲ್ಲಿ ಮನೆ ಕೊಂಡಾಗ ಅಮ್ಮನ ರೂಮಿನ ಮಂಚವನ್ನು ತಿರುಗಿಸಿ ಹಾಕಿದ್ದರಿಂದ ಬಚ್ಚಲಿನ ಬಾಗಿಲು ಇವತ್ತಿಗೂ ಪೂರ್ತಿ ತೆರೆಯುವುದಿಲ್ಲ. ಈಗ ಹಡಗು ಫ್ಲಾರಿಡಾದಿಂದ ದಕ್ಷಿಣಕ್ಕೆ ಹೋಗಿ ಉತ್ತರಕ್ಕೆ ಮರಳುತ್ತದೆ. ಮಂಚ ಉದ್ದಕ್ಕಿದ್ದರೆ ಒಂದು ದಾರಿಯಲ್ಲಿ ಖಂಡಿತ ದೋಷ. ಅಡ್ಡಕ್ಕಿದ್ದರೆ ಹೋಗುವಾಗ ಪೂರ್ವ, ಬರುವಾಗ ಪಶ್ಚಿಮ. ಆದರೆ ನಡುವೆ ದ್ವೀಪಗಳನ್ನು ಸುತ್ತುವಾಗ ಏನು ಗತಿ? ನಾನು ಗೋಡಂಬಿ ಡಬ್ಬಿಯ ಮುಚ್ಚಳವನ್ನು ಹಡಗಾಗಿಯೂ ಅದರ ಮೇಲೊಂದು ಬೆಂಕಿಕಡ್ಡಿಯನ್ನು ಅಮ್ಮನಾಗಿಯೂ ಕಲ್ಪಿಸಿ, ಸಮುದ್ರದ ನಕ್ಷೆಯ ಮೇಲೆ ಮೆಲ್ಲಗೆ ತಳ್ಳುತ್ತಾ, ಕಡ್ಡಿಯ ತಲೆ ಎತ್ತ ತಿರುಗುತ್ತದೆಂದು ನೋಡುತ್ತಿದ್ದೆ.

ಈ ಸ್ಥಿತಿಯಲ್ಲಿ ಒಂದು ಸಂಜೆ ಅಮ್ಮ ಗೋಡೆ ಹಿಡಿದುಕೊಂಡು ಬೇಸ್‌ಮೆಂಟಿಗೆ ಇಳಿದುಬಂದಳು. ಹಿಂದೆ ಕೋಡುಬಳೆಯ ತಟ್ಟೆ ಹಿಡಿದು ವಸುಧಾ. ಏನು ಮಾಡುತ್ತಿದ್ದೀಯೆಂದು ಅಮ್ಮ ಕೇಳಿದಳು. ನಾನು ವಿವರಿಸಿದೆ. ಬೆಂಕಿಕಡ್ಡಿ ಯಾರೆಂಬುದನ್ನೂ ಹೇಳಿದೆ.

ಅಮ್ಮ ಕಡ್ಡಿಯತ್ತ ಬಗ್ಗಿ ನೋಡಿದಳು. “ಕಾಶಿಗೆ ಹೋದಾಗ ರೈಲಲ್ಲಿ ಯಾವ ದಿಕ್ಕು ನೋಡ್ಕೊಂಡು ಮಲಗಿದ್ವೋ?” ಅಂದಳು. “ಪ್ರಯಾಣದಲ್ಲಿ ಇದೆಲ್ಲ ಇಲ್ಲ. ನಾನೇನಾದ್ರೂ ಕೇಳಿದ್ನಾ ನಿನ್ನ?”

“ಇಲ್ಲ. ಆದ್ರೂ ಅಮ್ಮಾ, ಸಮುದ್ರ ಮುಟ್ಟಬಾರದು ಅಂತ ನೀನೇ—”

“ದೂರದಲ್ಲಿ ಕೂತು ನೋಡ್ತೀನಪ್ಪ. ನನ್ನ ಹೆಸರು ಹೇಳ್ಕೊಂಡು ಅವಳನ್ನ ಯಾಕೆ ಕಾಯಿಸ್ತೀಯ?”

ವಸುಧಾ ತಟ್ಟೆಯನ್ನು ಅಟ್ಲಾಂಟಿಕ್ ಸಾಗರದ ಮೇಲಿಟ್ಟಳು. ಅವಳ ಸಿಟ್ಟಿಗೆ ನಾನು ತಯಾರಿದ್ದೆ, ಅವಳು ಸಿಟ್ಟಾಗಲಿಲ್ಲ. “ರೀ, ನಿಮ್ಗೆ ಕೆಲ್ಸದ ಭಯ ಅಂತ ನಂಗೊತ್ತು. ಫೋಟೋ ಎಲ್ಲ ಮನೆಗೆ ತಂದಾಗ್ಲೇ ಗೊತ್ತಾಯ್ತು,” ಅಂದಳು. “ಬೇಡ ಅಂದ್ರೆ ಬೇಡ ಅನ್ನಿ. ಆರಿಸ್ತಾ ಇದೀನಿ ಅನ್ಬೇಡಿ.”

ಬೇಡ ಎನ್ನಲು ಬಾಯಿ ಬರಲಿಲ್ಲ. ಆ ಸಂಜೆಯೇ ಫೋನು ಮಾಡಿದೆ. ಆದರೆ ಮನುಷ್ಯ ಅಷ್ಟು ಬೇಗ ಸುಧಾರಿಸುವುದಿಲ್ಲ. ಫೋನಿನ ಆ ಕಡೆಯ ಹೆಂಗಸು, ಬಾಲ್ಕನಿಯಿರುವ ರೂಮುಗಳಲ್ಲೇ ಒಂದು ವಿಶೇಷವಾಗಿ ಅಗ್ಗವಾಗಿದೆ, ನೋಟಕ್ಕೆ ಮಾತ್ರ ಸ್ವಲ್ಪ ಅಡ್ಡಿಯಿದೆ ಎಂದಳು. ಅಷ್ಟೊಂದು ನಕ್ಷೆಗಳನ್ನು ಕಂಠಪಾಠ ಮಾಡಿದವನು, ಅಡ್ಡಿಯೆಂದರೇನೆಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಒಂದು ಕಂಬವೋ ಹಗ್ಗವೋ ಇರಬಹುದೆಂದುಕೊಂಡೆ. ಹೀಗೆ ಉಳಿಸಿದ ಹಣದ ಒಂದು ಪಾಲನ್ನು ಇನ್ಶೂರೆನ್ಸಿಗೆ ಅರ್ಪಿಸಿದೆ.

ಆ ಇನ್ಶೂರೆನ್ಸಿನ ಬಗ್ಗೆ ಹೇಳದಿದ್ದರೆ ನನ್ನ ಆ ಚಳಿಗಾಲಕ್ಕೆ ಅನ್ಯಾಯವಾಗುತ್ತದೆ. ಹಲವು ಪಾಲಿಸಿಗಳನ್ನು ತಳದ ಸಣ್ಣಕ್ಷರದವರೆಗೆ ಓದಿ, ಹೊರಡುವ ಮೊದಲು ಕೆಲಸ ಹೋದರೆ ಪೂರ್ತಿ ಹಣ ವಾಪಸು ಎಂಬ ಷರತ್ತಿರುವುದನ್ನೇ ಆರಿಸಿದ್ದೆ. ಆ ಷರತ್ತನ್ನು ಸತ್ಯನಾರಾಯಣ ಪೂಜೆಯ ಫಲಶ್ರುತಿಯ ಧಾಟಿಯಲ್ಲಿ ಮನೆಯವರಿಗೆ ಓದಿಯೂ ಹೇಳಿದೆ. ಅಮ್ಮ ಅಭ್ಯಾಸಬಲದಿಂದ ಕೈಮುಗಿದಳು.

ಹಡಗು ಹೊರಡಲು ಇನ್ನೇನು ಎರಡು ಮೂರು ವಾರವಿರುವಾಗ, ಒಂದು ಶುಕ್ರವಾರ, ರಬ್ಬರ್ ಪಟ್ಟಿಗಳ ವಿಭಾಗವನ್ನು ಮುಚ್ಚಿದರು. ಕಾರಿನೊಳಗೆ ಸ್ವಲ್ಪ ನೀರು ಬಂದರೆ ಬರಲಿ ಎಂದು ಮೇಲಿನವರು ತೀರ್ಮಾನಿಸಿದ್ದಿರಬೇಕು. ನನಗೂ ಒಂದು ರಟ್ಟಿನ ಡಬ್ಬಿ ಕೊಟ್ಟರು. ಫೋಟೋಗಳೆಲ್ಲ ಆಗಲೇ ಮನೆಯಲ್ಲಿದ್ದುದರಿಂದ ಅದರಲ್ಲಿ ಹಾಕಲು ಕಾಫಿ ಮಗ್ಗು ಬಿಟ್ಟರೆ ಏನೂ ಇರಲಿಲ್ಲ. ಡಬ್ಬಿಯಲ್ಲಿ ಅದು ಅತ್ತಿಂದಿತ್ತ ಉರುಳುವ ಸದ್ದು ಕೇಳಿಕೊಂಡು ಮನೆಗೆ ಬಂದೆ.

ವಸುಧಾಗೆ ಹೇಳಿದೆ. ಅವಳು ಕುರ್ಚಿ ಎಳೆದು ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಳು. ಆಮೇಲೆ ನಾನು, ಏನಾದರೂ ಒಳ್ಳೆಯ ಸುದ್ದಿ ಹೇಳಬೇಕೆಂದು, ಇನ್ಶೂರೆನ್ಸಿನ ಷರತ್ತು ಈಗ ನೂರಕ್ಕೆ ನೂರು ಅನ್ವಯಿಸುತ್ತದೆ, ಪೂರ್ತಿ ಹಣ ವಾಪಸು ಬರುತ್ತದೆ ಎಂದೆ. ಸತ್ಯವಾಗಿ ಹೇಳುತ್ತೇನೆ, ನನ್ನ ದನಿಯಲ್ಲಿ ಗೆಲುವಿತ್ತು. ಇಡೀ ಚಳಿಗಾಲ ನಾನು ಆರಿಸಿದ್ದರಲ್ಲಿ ಒಂದಾದರೂ ಸರಿಯಾಗಿತ್ತಲ್ಲ!

“ಅಂದ್ರೆ ಹೋಗದೇ ಇದ್ರೆ ಮಾತ್ರ ಕೆಲ್ಸಕ್ಕೆ ಬರೋ ವಸ್ತು ಅದು,” ಅಂದಳು ವಸುಧಾ.

ಹೌದೆಂದೆ.

ಅವಳು ಯೋಚಿಸಿದಳು. ಈ ಸಲ ಅವಳೇ ಬೇಡವೆನ್ನುತ್ತಾಳೆಂದು ನಾನು ಕಾದೆ. ಕಣ್ಣೊರೆಸಿಕೊಂಡು ಅಂದಳು: “ನನ್ನ ಸಂಬಳ ಇದೆ. ಮನೆ ನಡೆಯತ್ತೆ. ಇನ್ನು ನೀವು ಯಾರ ಹತ್ರಾನೂ ರಜಾ ಕೇಳ್ಬೇಕಾಗಿಲ್ಲ. ಹೋಗೋಣ.”

ಹೋದೆವು. ಹಡಗಿನ ಮೊದಲ ಬೆಳಿಗ್ಗೆ ಅವಳು ಶಾಲು ಹೊದ್ದುಕೊಂಡು, ಬೇರೆ ಯಾರೋ ಮಾಡಿದ ಕಾಫಿ ಕೈಯಲ್ಲಿ ಹಿಡಿದು, ಬಾಲ್ಕನಿಯ ಪರದೆ ಸರಿಸಿದಳು. ಎದುರಿಗೆ ಸಮುದ್ರವಿರಲಿಲ್ಲ. ಕಿತ್ತಳೆ ಬಣ್ಣದ ದೊಡ್ಡದೊಂದು ಲೈಫ್‌ಬೋಟು, ನಮ್ಮ ರೂಮಿನಷ್ಟೇ ಅಗಲ, ಹೊಟ್ಟೆ ಮುಂದೆ ಮಾಡಿಕೊಂಡು ನೇತಾಡುತ್ತಿತ್ತು. ನೋಟಕ್ಕೆ ಸ್ವಲ್ಪ ಅಡ್ಡಿ.

ನಾನು ಹಿಂದೆ ನಿಂತು ಭೂಮಿ ಬಾಯಿಬಿಡಲೆಂದು ಕಾದೆ; ಹಡಗಿನಲ್ಲಿ ಆ ಅನುಕೂಲವೂ ಇಲ್ಲ. ವಸುಧಾ ಲೈಫ್‌ಬೋಟನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದುಕೊಂಡೆ. ಕಾಫಿ ಚೆಲ್ಲುವಷ್ಟು ನಗುತ್ತಿದ್ದಳು.

“ನೋಡಿ,” ಅಂದಳು, “ನಿಮ್ಮ ಇನ್ಶೂರೆನ್ಸು ಇಲ್ಲೇ ನೇತಾಡ್ತಾ ಇದೆ.”

ಆಮೇಲೆ ಕುರ್ಚಿಯನ್ನು ಗೇಣಷ್ಟು ಎಡಕ್ಕೆ ಸರಿಸಿದಳು. ಕತ್ತು ಓರೆ ಮಾಡಿದಳು. ಲೈಫ್‌ಬೋಟಿನ ಹೊಟ್ಟೆಗೂ ಕಟಕಟೆಗೂ ನಡುವೆ, ಸೀರೆಯ ಅಂಚಿನಷ್ಟು ಅಗಲದ ನೀಲಿ ಕಂಡಿತು. “ಇಲ್ಲಿಂದ ಕಾಣತ್ತೆ,” ಎಂದು ಕೂತಳು. ನಾಲ್ಕು ದಿನವೂ ಅಲ್ಲೇ ಕೂತು ಅಷ್ಟೇ ಸಮುದ್ರವನ್ನು ನೋಡಿದಳು. ಮೇಲಿನ ಅಂತಸ್ತಿಗೆ ಹೋದರೆ ಪೂರ್ತಿ ಸಮುದ್ರವಿದೆ ಎಂದು ನಾನು ಪದೇಪದೇ ಹೇಳಿದರೂ ಅಲ್ಲಾಡಲಿಲ್ಲ. ಅಮ್ಮ ಸೋಫಾದ ಮೇಲೆ, ಹಡಗು ತಿರುಗಿದತ್ತ ತಾನೂ ತಿರುಗುತ್ತಾ, ಎಂಟೂ ದಿಕ್ಕಿಗೆ ತಲೆಯಿಟ್ಟು ಸೊಗಸಾಗಿ ನಿದ್ದೆ ಮಾಡಿದಳು. ಬೀಚಿನಲ್ಲಿ ನನ್ನ ಟೋಪಿಯನ್ನು ಎಣ್ಣೆ ಹಚ್ಚಿ ಬಾಚಿದ ತಲೆಯ ಮೇಲಿಟ್ಟುಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತವಳು ವಾಪಸು ಮಿಷಿಗನ್ನಿಗೆ ಬರುವವರೆಗೆ ಅದನ್ನು ನನಗೆ ಕೊಡಲಿಲ್ಲ.

ಮುಂದಿನ ಹಿಮ ಬೀಳುವ ಹೊತ್ತಿಗೆ ನನಗೆ ಬೇರೆ ಕೆಲಸ ಸಿಕ್ಕಿತು. ನಡುವಿನ ಆ ತಿಂಗಳುಗಳಲ್ಲಿ ಮನೆಯಲ್ಲಿದ್ದು ನಾನು ಕಲಿತ ಒಂದೇ ವಿದ್ಯೆ ಡಿಕಾಕ್ಷನ್ ಇಳಿಸುವುದು. ಅಂದಿನಿಂದ ಈ ಮನೆಯ ಬೆಳಗಿನ ಕಾಫಿ ನನ್ನ ಖಾತೆ. ಅಮ್ಮ ಮತ್ತೆ ಅಮೆರಿಕಕ್ಕೆ ಬರಲಿಲ್ಲ, ಈಗ ಇಲ್ಲ. ಟೋಪಿ ಇದೆ.

ಇವತ್ತು ಅದನ್ನು ಮೊಳೆಗೆ ಸಿಕ್ಕಿಸದೆ ಒಳಗೆ ತಂದೆ. ಹಿಮ ಕಾಯಲಿ ಎಂದು ಎರಡು ಲೋಟ ಕಾಫಿ ಬೆರೆಸಿಕೊಂಡು ಮುಂದಿನ ರೂಮಿಗೆ ಹೋದೆ. ವಸುಧಾ ಕಿಟಕಿಯ ಬಳಿ ಕೂತಿದ್ದಳು. ನಮ್ಮ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯವರ ಮೋಟಾರು ದೋಣಿ. ಚಳಿಗಾಲಕ್ಕೆಂದು ನೀಲಿ ಟಾರ್ಪಾಲು ಹೊದಿಸಿ ಅವರ ಡ್ರೈವ್‌ವೇಯಲ್ಲಿ ನಿಲ್ಲಿಸಿದ್ದಾರೆ, ಅದರ ಮೇಲೆ ಹಿಮ ಕೂತಿದೆ. ಮೇಜಿನ ಮೇಲೆ ನಿನ್ನೆಯ ಜಾಹೀರಾತು ಇಟ್ಟಲ್ಲೇ ಇತ್ತು.

“ಆರಿಸಿ ಆಯ್ತಾ?” ಎಂದು ಕೇಳಿದಳು.

“ಏನೂ ಆರಿಸಲ್ಲ. ಕಾಫಿ ಕುಡಿದು ಫೋನ್ ಮಾಡ್ತೀನಿ. ಲೈಫ್‌ಬೋಟ್ ಇಲ್ಲದೇ ಇರೋದು ಕೊಡಿ ಅಂತೀನಿ, ಅಷ್ಟೇ.”

ಅವಳು ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. “ಲೈಫ್‌ಬೋಟ್ ಇರ್ಲಿ,” ಅಂದಳು. “ನೀವೂ ಬರ್ತೀರಲ್ಲ, ಬೇಕಾಗತ್ತೆ.”

ಪಕ್ಕದಲ್ಲಿ ಕೂತೆ. ದೋಣಿ ಬಿಟ್ಟು ಏನೂ ಕಾಣಲಿಲ್ಲ. ಕುರ್ಚಿಯನ್ನು ಗೇಣಷ್ಟು ಎಡಕ್ಕೆ ಸರಿಸಿದೆ.