ಐವಿ ಒಡೆದ ಬಟ್ಟಲು

ಐವಿ ಟನಿಕ್ಲಿಫ್ ಹತ್ತಿರ ನಾಯಿಯ ಬಟ್ಟಲು ಕೊಳ್ಳುವುದೆಂದರೆ ಹೊಸ ಸಂಬಂಧ ಬೆಳೆಸಿದಷ್ಟೇ ಕಷ್ಟ. ಪಿಂಗಾಣಿಗೆ ಹೆಸರಾದ ನಮ್ಮೂರು ಲಾಂಗ್ಟನ್ನಿನ ಮಾರ್ಕೆಟ್ಟಿನಲ್ಲಿ ನನ್ನದು ಓಟ್ಸ್ ದೋಸೆಯ ಅಂಗಡಿ, ಅವಳದು ಪಕ್ಕದ್ದೇ ಪಿಂಗಾಣಿ ಅಂಗಡಿ. ಹತ್ತೊಂಬತ್ತು ವರ್ಷ ನನ್ನ ಬಲಗಿವಿಗೆ ಬಿದ್ದದ್ದೆಲ್ಲ ಅವಳ ಮಾತೇ. ಜಾಡಿ, ಹಿಟ್ಟು ಕಲಸುವ ಬೋಗುಣಿ ಕೊಳ್ಳಲು ಬಂದವರನ್ನು ಅವಳು ಏನೂ ಕೇಳುತ್ತಿರಲಿಲ್ಲ. ನಾಯಿಯ ಬಟ್ಟಲು ಎಂದಿರೋ, ಮುಗಿಯಿತು.

"ಯಾವ ನಾಯಿ? ಕಿವಿ ಎಷ್ಟುದ್ದ? ಮೂತಿ ಚಪ್ಪಟೆಯೋ ಚೂಪೋ? ಉಣ್ಣೋವಾಗ ಬಟ್ಟಲು ತಳ್ಕೊಂಡು ಮನೆಯೆಲ್ಲಾ ತಿರುಗತ್ತಾ?"

ಒಮ್ಮೆ ಮುತ್ತಿನ ಸರ ಹಾಕಿಕೊಂಡ ಹೆಂಗಸೊಬ್ಬಳು ಬಂದು, ಗುಲಾಬಿ ಹೂವಿನ ಚಿತ್ರವಿರುವ ತೆಳ್ಳಗಿನ ಬಟ್ಟಲೇ ಬೇಕೆಂದು ಹಟ ಹಿಡಿದಳು. ಐವಿ ಅದನ್ನು ನೆಲಕ್ಕಿಟ್ಟು ಬೂಟಿನ ತುದಿಯಿಂದ ಮೆಲ್ಲಗೆ ತಳ್ಳಿದಳು. ಬಟ್ಟಲು ಸರ್ರನೆ ಜಾರಿ ನನ್ನ ಅಂಗಡಿಗೆ ಬಂತು.

"ನೋಡಿದ್ರಾ? ನಿಮ್ಮ ನಾಯಿ ಊಟ ಹುಡುಕ್ಕೊಂಡು ಡೋರೀನ್ ಹತ್ರ ದೋಸೆ ತಿನ್ನೋಕೆ ಹೋಗತ್ತೆ. ನೀವು ನಾಯಿಗೆ ಊಟ ಹಾಕ್ತೀರೋ, ಮದುವೆ ಮಾಡ್ತೀರೋ?"

ಆ ಹೆಂಗಸು ಮೂಗು ಮುರಿದಳು, ಆದರೂ ಐವಿ ಹೇಳಿದ್ದನ್ನೇ ಕೊಂಡು ಹೋದಳು. ಎಲ್ಲರೂ ಹಾಗೆಯೇ. ಚಪ್ಪಟೆ ಮೂತಿಯದಕ್ಕೆ ತಟ್ಟೆಯಂಥ ಆಳವಿಲ್ಲದ್ದು. ಜೋಲುಗಿವಿಯ ಸ್ಪ್ಯಾನಿಯಲ್‌ಗೆ ಬುಡ ಅಗಲ, ಬಾಯಿ ಕಿರಿದು, ಕಿವಿಗಳು ಹೊರಗೇ ಉಳಿಯುವಂಥದ್ದು. ಪ್ಲಾಸ್ಟಿಕ್ ಎಂದರೆ ಅವಳ ಮುಖ ಕೆಂಪಾಗುತ್ತಿತ್ತು. "ವಾಸನೆ ಹಿಡಿಯತ್ತೆ, ಗದ್ದಕ್ಕೆ ಗುಳ್ಳೆ ಏಳತ್ತೆ, ಅದನ್ನ ಮಾರೋರ ಹತ್ರ ಹೋಗಿ" ಎಂದು ಓಡಿಸುತ್ತಿದ್ದಳು. ತಾನು ಕೊಟ್ಟ ಬಟ್ಟಲು ಒಂದೂ ವಾಪಸು ಬಂದಿಲ್ಲ ಎಂಬುದು ಅವಳ ಜಂಬ. ಅಲ್ಲಿಯವರೆಗೆ ಅದು ನಿಜವೂ ಹೌದು, ಸುಳ್ಳೇಕೆ ಹೇಳಲಿ.

ಅಂಗಡಿ ಇಡುವ ಮೊದಲು ಇಪ್ಪತ್ತಾರು ವರ್ಷ ಅವಳು ಪಿಂಗಾಣಿ ಕಾರ್ಖಾನೆಯಲ್ಲಿ ಪಾತ್ರೆ ಆರಿಸುವ ಕೆಲಸದಲ್ಲಿದ್ದಳು. ಭಟ್ಟಿಯಿಂದ ಬಂದ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಬೇಕು. ಕಿಣ್ ಎಂದರೆ ಗಟ್ಟಿ. ಟಪ್ ಎಂದರೆ ಒಳಗೆಲ್ಲೋ ಬಿರುಕು, ಕಣ್ಣಿಗೆ ಕಾಣದಿದ್ದರೂ ಇದ್ದೇ ಇರುತ್ತದೆ. ಟಪ್ ಎಂದದ್ದನ್ನು ಆ ಕ್ಷಣವೇ ಕಸದ ತೊಟ್ಟಿಗೆ ಎಸೆದು ಒಡೆಯಬೇಕು, ಇಲ್ಲವಾದರೆ ಯಾರಾದರೂ ಕದ್ದು ಮಾರಿ ಕಾರ್ಖಾನೆಯ ಹೆಸರು ಕೆಡಿಸುತ್ತಾರೆ. ಈ ಚಾಳಿ ಅವಳ ಕೈಯನ್ನು ಬಿಡಲೇ ಇಲ್ಲ. ಯಾರ ಮನೆಗೆ ಟೀ ಕುಡಿಯಲು ಹೋದರೂ ಮೊದಲು ಕಪ್ಪು ತಟ್ಟುವಳು. ನಮ್ಮೂರಲ್ಲಿ ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅರ್ಧ ಊರು ಕಾರ್ಖಾನೆಯಲ್ಲಿ ದುಡಿದದ್ದೇ.

ನಾನು ಮಾತ್ರ ಅವಳಿಗೆ ಹೆದರುತ್ತಿದ್ದೆ. ನನ್ನಮ್ಮನ ಕಾಲದ ಕಂದು ಬಟ್ಟಲೊಂದರಲ್ಲಿ ನಾನು ಮೊಟ್ಟೆ ಇಡುತ್ತಿದ್ದೆ. ಅದು ಪಕ್ಕಾ ಟಪ್. ಐವಿ ಈ ಕಡೆ ತಿರುಗಿದಾಗಲೆಲ್ಲ ಅದರ ಮೇಲೆ ಟವಲು ಮುಚ್ಚುತ್ತಿದ್ದೆ. ಒಂಬತ್ತು ವರ್ಷ ಹೀಗೇ ಕಳೆದೆ.

ಒಂದು ಶನಿವಾರ ಎನಾಕ್ ಬ್ರಿಂಡ್ಲಿ ಬಂದ. ಹಿಂದೆ ಭಟ್ಟಿಗೆ ಪಾತ್ರೆ ಜೋಡಿಸುತ್ತಿದ್ದವನು, ಮಾತು ಕಡಿಮೆ. ಅವನ ಟೆಸ್ ಎಂಬ ಸ್ಪ್ಯಾನಿಯಲ್‌ಗೆ ಹದಿಮೂರು ವರ್ಷ, ಚಳಿಗಾಲದಲ್ಲಿ ಎರಡೂ ಕಣ್ಣು ಹೋಗಿದ್ದವು. ಮೂತ್ರಪಿಂಡ ಸೋತಿದೆ, ಚೆನ್ನಾಗಿ ನೀರು ಕುಡಿಸು ಎಂದು ಪಶುವೈದ್ಯರು ಹೇಳಿದ್ದರಂತೆ. ನೀರಿಗೆ ಇನ್ನೊಂದು ಬಟ್ಟಲು ಬೇಕಿತ್ತು, ಅಳತೆಗೆಂದು ಹಳೆಯದನ್ನು ಚೀಲದಲ್ಲಿ ತಂದಿದ್ದ.

ಐವಿ ಅದನ್ನು ತೆಗೆದುಕೊಂಡು ತಟ್ಟಿದಳು. ಟಪ್.

ನಾನು ದೋಸೆ ಮಗುಚುತ್ತಿದ್ದೆ. ಫಳಾರನೆ ಶಬ್ದ ಕೇಳಿ ತಿರುಗುವಷ್ಟರಲ್ಲಿ ಬಟ್ಟಲು ಅವಳ ತೊಟ್ಟಿಯಲ್ಲಿ ಐದಾರು ಚೂರಾಗಿತ್ತು.

"ಸತ್ತಿತ್ತು ಕಣಯ್ಯಾ ಅದು" ಎಂದಳು. "ಒಳ್ಳೇದು ಎರಡು ಕೊಡ್ತೀನಿ, ಊಟಕ್ಕೊಂದು ನೀರಿಗೊಂದು. ಒಡೆದದ್ದಕ್ಕೆ ಕಾಸು ಬೇಡ."

ಎನಾಕ್ ಬೇರೆ ಊರಿನವನಾಗಿದ್ದರೆ ರಂಪ ಮಾಡುತ್ತಿದ್ದ. ಇವನು ಭಟ್ಟಿಯವನು, ಟಪ್ ಎಂದದ್ದನ್ನು ಒಡೆಯಬಾರದೆಂದು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಜೋಲುಗಿವಿಗೆ ಹೇಳಿ ಮಾಡಿಸಿದಂಥ ಎರಡು ಬಟ್ಟಲು ತೆಗೆದುಕೊಂಡು ಹೋದ.

ಮಂಗಳವಾರ ಎರಡನ್ನೂ ತಂದು ಐವಿಯ ಮೇಜಿನ ಮೇಲಿಟ್ಟ.

"ಕುಡೀತಿಲ್ಲ."

"ಏನು ಕುಡೀತಿಲ್ಲ?"

"ಇದ್ರಲ್ಲಿ ಬಾಯೇ ಇಡ್ತಿಲ್ಲ. ಅಂಗೈಯಲ್ಲಿ ಹಿಡಿದ್ರೆ ಒಂಚೂರು ನೆಕ್ತಾಳೆ. ಅಷ್ಟು ಸಾಲಲ್ಲ ಅಂತಾರೆ ಡಾಕ್ಟ್ರು. ಶುಕ್ರವಾರದೊಳಗೆ ಕುಡಿದ್ರೆ ಸರಿ. ಇಲ್ದಿದ್ರೆ..." ಎನಾಕ್ ಟೋಪಿ ತೆಗೆದು ಅದರೊಳಗೆ ನೋಡುತ್ತ ನಿಂತ. "ಇಲ್ದಿದ್ರೆ ಮನೆಗೇ ಬಂದು ಕಡೇ ಸೂಜಿ ಹಾಕಿ ಕಳಿಸಿಬಿಡ್ತಾರಂತೆ. ಹಳೇದು ಇದ್ದಿದ್ರೆ ಕುಡೀತಿದ್ಲು, ಐವಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಐವಿಯ ಮುಖ ಬಿಳಿಚಿಕೊಂಡಿತು. ಆದರೆ ಅವಳು ಅಳುತ್ತ ಕೂರುವ ಪೈಕಿಯಲ್ಲ. ತಕ್ಷಣ ಏಪ್ರನ್ ಬಿಚ್ಚಿ ನನ್ನ ಕಡೆ ಎಸೆದಳು.

"ಡೋರೀನ್, ಅಂಗಡಿ ಮುಚ್ಚು. ನಿಂದೂ ಮುಚ್ಚು. ಬಾ ನನ್ ಜೊತೆ."

"ನನ್ನ ಹಿಟ್ಟು ಹುಳಿ ಬರತ್ತೆ ಕಣೇ!"

"ಬರ್ಲಿ. ನಿನ್ನ ದೋಸೆಗೆ ಅದೊಂದೇ ರುಚಿ."

ಎನಾಕನ ಅಡುಗೆಮನೆಯ ಕೆಂಪು ಹಂಚಿನ ನೆಲದ ಮೇಲೆ ಟೆಸ್ ಮಲಗಿದ್ದಳು. ಪಕ್ಕೆಲುಬು ಎಣಿಸಬಹುದಿತ್ತು. ಐವಿ ಹೊಸ ಬಟ್ಟಲಿಗೆ ನೀರು ತುಂಬಿ ಹಳೆಯದರ ಜಾಗದಲ್ಲೇ ಇಟ್ಟಳು. ಬೂಟಿನಿಂದ ತಳ್ಳಿ ನೋಡಿದಳು, ಅಲುಗಲಿಲ್ಲ. ಎತ್ತರ ಸರಿ, ಬಾಯಿ ಸರಿ. ನಂತರ ಆ ವಯಸ್ಸಿನ ಹೆಂಗಸು ಬೋರಲಾಗಿ, ನೆಲಕ್ಕೆ ಕೆನ್ನೆ ಕೊಟ್ಟು ಮಲಗಿಬಿಟ್ಟಳು. "ಕರಿ ಅವಳನ್ನ" ಎಂದಳು.

ಎನಾಕ್ ಕರೆದ. ಟೆಸ್ ಎದ್ದು, ಗೋಡೆ ಸವರಿಕೊಂಡು ಬಂದು, ತಲೆ ತಗ್ಗಿಸಿದಳು. ಅವಳ ಕೊರಳಪಟ್ಟಿಗೆ ಎನಾಕನ ಹೆಸರು, ವಿಳಾಸ ಕೊರೆದ ಹಿತ್ತಾಳೆಯ ಬಿಲ್ಲೆ ನೇತಾಡುತ್ತಿತ್ತು. ಅದು ಬಟ್ಟಲಿನ ಅಂಚಿಗೆ ತಾಗಿತು.

ಕಿಣ್!

ಟೆಸ್ ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ಹಿಂದಕ್ಕೆ ಹಾರಿದಳು. ಬಾಲ ಹೊಟ್ಟೆಯಡಿ ಸೇರಿತು.

ಐವಿ ನೆಲದಿಂದಲೇ, "ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದಳು.

ಎನಾಕ್ ಬಿಲ್ಲೆಗೆ ಬಟ್ಟೆ ಸುತ್ತಿದ. ಶಬ್ದವೇನೋ ನಿಂತಿತು. ಆದರೆ ಈಗ ಟೆಸ್ ಬಟ್ಟಲಿನ ಪಕ್ಕದಲ್ಲೇ ಹಾದು ಹೋಗಿ ಒಲೆಯ ಹತ್ತಿರ ನೆಲ ಮೂಸುತ್ತ ನಿಂತಳು. ಮತ್ತೆ ತಂದು ನಿಲ್ಲಿಸಿದರೂ ಅಷ್ಟೆ, ಏನಕ್ಕೋ ಕಾಯುವವಳಂತೆ ತಲೆ ಓರೆ ಮಾಡಿ ನಿಂತಳು.

"ಟಪ್ ಅನ್ನೋದಕ್ಕೆ ಕಾಯ್ತಿದಾಳೆ" ಎಂದಳು ಐವಿ. "ಕಣ್ಣಿಲ್ಲ. ಬಿಲ್ಲೆ ತಾಗಿ ಟಪ್ ಅಂದ್ರೆ ಬಟ್ಟಲು ಸಿಕ್ತು ಅಂತ ಗೊತ್ತಾಗ್ತಿತ್ತು. ಹಳೇದು ಸೋರ್ತಿತ್ತಾ, ಎನಾಕ್?"

"ಹನ್ನೊಂದು ವರ್ಷದಲ್ಲಿ ಒಂದು ಹನಿ ಇಲ್ಲ."

"ಮತ್ತೆ ಶನಿವಾರ ಯಾಕೆ ಬಾಯಿ ಬಿಡ್ಲಿಲ್ಲ, ಮಾರಾಯ?"

"ನೀನು ತಟ್ಟಿದ ಮೇಲೆ ನಾನೇನು ಹೇಳೋದು?"

ಐವಿ ಎದ್ದು ಕುಳಿತು ಮೊಣಕಾಲು ಒತ್ತಿಕೊಂಡಳು. "ಈಗ ನಂಗೊಂದು ಒಡಕಲು ಬೇಕು. ನನ್ನ ಅಂಗಡೀಲಿ ಒಂದೂ ಇಲ್ಲ. ನಲವತ್ತೈದು ವರ್ಷದಿಂದ ಊರಿನ ಒಡಕಲನ್ನೆಲ್ಲ ಒಡೆದು ಹಾಕಿದೀನಲ್ಲ, ಎಲ್ಲಿಂದ ತರ್ಲಿ?" ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಹತ್ತಿರ ಒಂದಿತ್ತು. ಅಮ್ಮನ ಬಟ್ಟಲು. ಇವಳ ಕೈಗೆ ಹೋದರೆ ಉಳಿಯುವುದೋ ಇಲ್ಲವೋ. ಟೆಸ್ ಒಣ ಮೂಗನ್ನು ನನ್ನ ಕಾಲಿಗೆ ಒತ್ತಿದಳು. ಸರಿ, ಎಂದುಕೊಂಡು ಮಾರ್ಕೆಟ್ಟಿಗೆ ಓಡಿದೆ. ಮೊಟ್ಟೆಗಳನ್ನು ಮೇಜಿನ ಮೇಲೆ ಸುರಿದು, ಬಟ್ಟಲನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದೆ.

ಐವಿ ಅದನ್ನು ತಿರುಗಿಸಿ ನೋಡಿದಳು. ಗೆಣ್ಣು ತಾನಾಗಿ ಏರಿತು. ಟಪ್.

ನಾನು ಕಣ್ಣು ಮುಚ್ಚಿದೆ. ಒಡೆದ ಶಬ್ದ ಬರಲಿಲ್ಲ.

"ಎಷ್ಟು ವರ್ಷದಿಂದ ಬಚ್ಚಿಟ್ಟಿದ್ದೀಯಾ?"

"ಒಂಬತ್ತು."

"ಕಳ್ಳಿ."

ನೀರು ತುಂಬಿ ನೆಲಕ್ಕಿಟ್ಟೆವು. ಒಂದು ಹನಿಯೂ ಜಿನುಗಲಿಲ್ಲ. ಎನಾಕ್ ಬಿಲ್ಲೆಯ ಬಟ್ಟೆ ಬಿಚ್ಚಿದ. ಟೆಸ್ ಗೋಡೆ ಸವರಿಕೊಂಡು ಬಂದಳು. ಟಪ್, ಎಂದಿತು ಬಿಲ್ಲೆ. ಅವಳು ಹಾಗೇ ನಿಂತಳು, ಇನ್ನೊಮ್ಮೆ ಬೇಕೆಂದೇ ತಗುಲಿಸಿ ನೋಡಿದಳು, ಟಪ್, ಮತ್ತೆ ಮೂತಿ ಇಳಿಸಿ ಲಪಲಪನೆ ಕುಡಿಯತೊಡಗಿದಳು. ಅದು ಅಗಲ ಬಾಯಿಯ ಬಟ್ಟಲು, ಎರಡು ಕಿವಿಯೂ ನೀರಿನಲ್ಲಿ ಮುಳುಗಿ ತೇಲುತ್ತಿದ್ದವು. ಬೇರೆ ದಿನವಾಗಿದ್ದರೆ ಐವಿ ಅದನ್ನು ನೋಡಿ ಸುಮ್ಮನಿರುತ್ತಿರಲಿಲ್ಲ. ಆವತ್ತು ತಾನೇ ಬಾಗಿ, ಎಡಗೈಯಲ್ಲೊಂದು ಬಲಗೈಯಲ್ಲೊಂದು ಕಿವಿ ಎತ್ತಿ ಹಿಡಿದು, ಬಟ್ಟಲು ಬರಿದಾಗುವವರೆಗೂ ಹಾಗೇ ನಿಂತಿದ್ದಳು. ಎನಾಕ್ ಮೂಗು ಒರೆಸಿಕೊಳ್ಳಲು ಹಿತ್ತಲಿಗೆ ಹೋದ.

ಶುಕ್ರವಾರ ಡಾಕ್ಟರು ಬಂದರು, ನಾಯಿಯನ್ನು ಮುಟ್ಟಿ ನೋಡಿದರು, ಟೀ ಕುಡಿದು ಹೋದರು. ಟೆಸ್ ಮತ್ತೂ ಎರಡು ಬೇಸಿಗೆ ಬದುಕಿದಳು, ಕಿವಿಗಳನ್ನು ಉಣ್ಣೆಯ ಟೋಪಿಯೊಳಗೆ ಸಿಕ್ಕಿಸಿಕೊಂಡು ನೀರು ಕುಡಿಯುತ್ತ. ಆ ಟೋಪಿ ಹೆಣೆದವಳು ಐವಿ.

ತಟ್ಟುವುದನ್ನು ಅವಳು ಬಿಟ್ಟಳೆಂದು ತಿಳಿಯಬೇಡಿ. ತಾನು ಮಾರುವುದನ್ನು ಮೊದಲಿನಂತೆಯೇ ತಟ್ಟಿ, ಟಪ್ ಎಂದರೆ ಒಡೆಯುತ್ತಿದ್ದಳು. ಆದರೆ ಯಾರಾದರೂ ಹಳೆಯ ಬಟ್ಟಲು ತಂದರೆ ಮಾತ್ರ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೊದಲು ಕೇಳುತ್ತಿದ್ದಳು: "ಇದ್ರಲ್ಲಿ ಯಾರು ಉಣ್ತಾರೆ?"