ಸೋದರಮಾವನಿಲ್ಲದ ವಿಚಾರಣೆ

ಇಂಗ್ಲಿಷರು ಅಣೆ ಕಟ್ಟಿ ತಿರುಗಿಸಿದ ಪೆರಿಯಾರ್ ಹೊಳೆಯ ನೀರು ನಮ್ಮ ಕಣಿವೆಗೆ ಹೊಸದಾಗಿ ಬಂದಿದ್ದ ಕಾಲ. ದಿಂಡಿಗಲ್ಲಿನಲ್ಲಿ ಅಮೆರಿಕದ ಪಾದ್ರಿಯೊಬ್ಬರ ಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದೆ. ಅವರ ದೇಶದ ಸಂವಿಧಾನದ ಕಥೆಯನ್ನು ಮಕ್ಕಳಿಗಾಗಿ ತಮಿಳಿಗೆ ಇಳಿಸುತ್ತಿದ್ದೆ. ಆರೋಪ ಹೊತ್ತವನನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂದು ಅದರಲ್ಲಿತ್ತು. ಮೊದಲು ಈ ಮಾತು ಇರಲಿಲ್ಲವಂತೆ. ಜನ ಹಟ ಹಿಡಿದ ಮೇಲೆ ಸೇರಿಸಿದರಂತೆ.

"ಕರಿಯರಿಗೂ ಉಂಟೋ?" ಎಂದು ಕೇಳಿದೆ.

"ಗುಲಾಮಗಿರಿಗಾಗಿ ನಮ್ಮನಮ್ಮಲ್ಲೇ ಯುದ್ಧವಾದ ಮೇಲೆ ಬರೆದುಕೊಟ್ಟೆವು. ಅವರ ಕೈಗೆ ಇನ್ನೂ ಪೂರ್ತಿ ಸಿಕ್ಕಿಲ್ಲ" ಎಂದರು ಪಾದ್ರಿಗಳು.

ಆ ವಾರವೇ ಮಾರ್ಕಯನ್‌ಕೋಟ್ಟೈಯಿಂದ, ನಮ್ಮ ಊರಿನಿಂದ, ಸುದ್ದಿ ಬಂತು. ಕಾಡಿನ ಕಾವಲುಗಾರನಿಗೆ ಕಲ್ಲು ಹೊಡೆದನೆಂದು ಅಣ್ಣನ ಮೇಲೆ ಕೇಸು. ಆ ಹೊತ್ತಿಗೆ ಅಣ್ಣ ಗದ್ದೆಯಲ್ಲಿದ್ದ. ನಮ್ಮ ತಾಯಿಯ ತಮ್ಮ, ಮಾಮ, ಅದನ್ನು ಕಣ್ಣಾರೆ ಕಂಡಿದ್ದರು.

ತಮಿಳರ ನಡುವೆ ಮನೆಯಲ್ಲಿ ಕನ್ನಡವಾಡುವವರು ನಾವು. ನಮ್ಮ ಕುಲದ ಕೂಟದಲ್ಲಿ ಆರೋಪ ಹೊತ್ತವನು ಬಾಯಿ ತೆರೆಯುವಂತಿಲ್ಲ. ಕೈಕಟ್ಟಿ ನೆಲ ನೋಡುತ್ತ ನಿಲ್ಲಬೇಕು. ಅವನ ಪರವಾಗಿ ಸೋದರಮಾವ ಮಾತಾಡುತ್ತಾನೆ.

ವಿಚಾರಣೆಯ ದಿನ ಮ್ಯಾಜಿಸ್ಟ್ರೇಟರ ಕಚೇರಿಯ ಹೊರಗೆ ಅಣ್ಣ ಕೇಳಿದ: "ತಂಬಿ, ಇಲ್ಲಿ ನಾನೇ ಬಾಯ್ಬಿಟ್ಟು ಪೇಸ್ಬೇಕಾ?"

"ಬ್ಯಾಡಣ್ಣ. ಬಿಳಿಯರ ಕಾನೂನ್ಲೂ ಸುಮ್ಕಿರಬೋದು."

ಮಾಮ ನಕ್ಕರು. "ಹೆಣ್ ನೋಡಾಕ್ ಹೋದಾಗ್ಲೂ ಇವ ಬಾಯ್ಬಿಡ್ಲಿಲ್ಲ. ಎಲ್ಲಾ ನಾನೇ ಪೇಸಿದ್ದು."

ಬಿಳಿಯರ ಕಾನೂನೆಲ್ಲ, ಅಮೆರಿಕದ್ದೂ ನಮ್ಮನ್ನಾಳುವ ಇಂಗ್ಲಿಷರದ್ದೂ, ಒಂದೇ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಸಾಕ್ಷಿಪಟ್ಟಿಯಲ್ಲಿ ಹೆಸರಿಲ್ಲವೆಂದು ಜವಾನ ಮಾಮನನ್ನು ಬಾಗಿಲಲ್ಲೇ ತಡೆದ. ಒಳಗೆ ಕಾವಲುಗಾರ ತನ್ನ ಮಾತು ಹೇಳಿ ಮುಗಿಸಿದ. ಮ್ಯಾಜಿಸ್ಟ್ರೇಟರು, ನಮ್ಮ ಕಡೆಯ ತಮಿಳರೇ, ಅಣ್ಣನನ್ನು ಮೂರು ಸಲ ಕೇಳಿದರು: "ಕಲ್ಲು ಹೊಡೆದೆಯಾ?"

ಅಣ್ಣ ಕೈಕಟ್ಟಿ ನೆಲ ನೋಡಿದ.

"ತಪ್ಪಿಲ್ಲದವನು ಹೀಗೆ ನಿಲ್ಲುತ್ತಾನೇನಯ್ಯಾ?"

ನಾನು ಎದ್ದೆ. "ಅಯ್ಯಾ, ಇದು ನಮ್ಮ ಕುಲದ ವಾಡಿಕೆ..."

"ನೀನೇನು ವಕೀಲನೋ? ಕೂತ್ಕೋ."

"ಅಣ್ಣಾ, ಮಾತಾಡು" ಎಂದೆ, ನಮ್ಮ ಭಾಷೆಯಲ್ಲಿ. ಅಣ್ಣ ಬಾಗಿಲ ಕಡೆ ನೋಡಿದ. ಆಚೆಯಿಂದ ಮಾಮನ ಕೂಗು ಕೇಳಿಸುತ್ತಿತ್ತು; ಮಾತು ತಿಳಿಯುತ್ತಿರಲಿಲ್ಲ. ಜವಾನ ನನ್ನ ಭುಜ ಅದುಮಿ ಕೂರಿಸಿದ. ನಾನು ಕೂತೆ. ಇವತ್ತಿಗೂ ಅದನ್ನು ಬೇರೆ ರೀತಿ ಹೇಳಲಾರೆ, ಕೂತೆ.

ಆರು ತಿಂಗಳ ಸಜೆಯಾಯಿತು.

ಬೇಡಿ ಹಾಕಿ ಕರೆದೊಯ್ಯುವಾಗ ಅಣ್ಣ ನನ್ನ ಪಕ್ಕದಲ್ಲೇ ಹಾದುಹೋದ. ಅವನ ಮುಖದಲ್ಲಿ ಕೋಪವಿರಲಿಲ್ಲ.

"ತಂಬಿ, ನಾನ್ ಸರಿಯಾ ನಿಂತ್ನಾ?"

"ಸರಿಯಾ ನಿಂತೆ, ಅಣ್ಣ" ಎಂದೆ.